ಸೋರಿಯಾಸಿಸ್ ಇರೋರಿಗೆ: ಸ್ನಾನ, ಎಣ್ಣೆ, ಊಟ, ಪಥ್ಯ ಮನೇಲಿ ಹೇಗೆ ಮಾಡ್ಕೋಬೇಕು

ನಂಗೆ ಸೋರಿಯಾಸಿಸ್ ಶುರುವಾಗಿ ಹದಿನೈದು ವರ್ಷ ಆಗ್ತಾ ಬಂತು. ಮೊದ್ಲು ಬಲ ಮೊಣಕೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗಾಯ್ತು, ಅದರ ಮೇಲೆ ಬೆಳ್ಳಗೆ ಹೊಟ್ಟು ಏಳ್ತಿತ್ತು, ಉಗುರಲ್ಲಿ ಕೆರೆದ್ರೆ ಮೇಣದಬತ್ತಿ ಚೂರಿನ ಹಾಗೆ ಉದುರೋದು. ಸಾಗರದಲ್ಲಿ ಅಮ್ಮ ನೋಡಿ ಹುಳುಕಡ್ಡಿ ಅಂದ್ರು, ಸೋದರತ್ತೆ ನಂಜು ಅಂದ್ರು, ಮೆಡಿಕಲ್ ಶಾಪ್‌ನವರು ಏನೂ ಅನ್ನಲಿಲ್ಲ, ಒಂದು ಟ್ಯೂಬ್ ಕೊಟ್ರು. ನಾಲ್ಕೇ ದಿನಕ್ಕೆ ಮಾಯ ಆಯ್ತು, ಬಿಟ್ಟೆ, ಮತ್ತೆ ಬಂತು, ಮತ್ತೆ ಹಚ್ಚಿದೆ, ಹೀಗೆ ಎಂಟು ತಿಂಗಳು ಹಚ್ಚಿದ್ದೇ ಹಚ್ಚಿದ್ದು. ಅದು ಜೋರಾದ ಸ್ಟೀರಾಯ್ಡ್ ಕ್ರೀಮ್ ಅಂತ ನಂಗೆ ಗೊತ್ತೇ ಇರಲಿಲ್ಲ. ಕೊನೆಗೆ ಒಂದಿನ ಪೂರ್ತಿ ನಿಲ್ಲಿಸಿದ ಮೇಲೆ ಎರಡೂ ಮೊಣಕೈ, ಮಂಡಿ, ಬೆನ್ನು, ತಲೆ ಎಲ್ಲಾ ಕಡೆ ಎದ್ದುಬಿಡ್ತು, ಮೊದ್ಲು ಹಚ್ಚಿದ ಜಾಗದಲ್ಲಿ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣೋ ಹಾಗಾಗಿತ್ತು.

ಅದಕ್ಕೇ ಇದನ್ನ ಬರೀತಿದೀನಿ. ಇಲ್ಲಿ ಬುಡಸಮೇತ ಗುಣ ಮಾಡೋ ಔಷಧಿ ಏನೂ ಹೇಳಲ್ಲ, ಯಾಕಂದ್ರೆ ಸೋರಿಯಾಸಿಸ್‌ಗೆ ಹಾಗೆ ಗುಣ ಮಾಡೋ ಔಷಧಿ ಇಲ್ಲ, ಇದೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ದಯವಿಟ್ಟು ಕೊಡಬೇಡಿ. ಆದ್ರೆ ಹತೋಟಿಲಿ ಇಟ್ಕೋಬಹುದು, ತುಂಬಾ ಚೆನ್ನಾಗಿ ಇಟ್ಕೋಬಹುದು, ತಿಂಗಳುಗಟ್ಟಲೆ ಮೈ ಮೇಲೆ ಒಂದು ಮಚ್ಚೆ ಇಲ್ಲದ ಹಾಗೆ ಇರಬಹುದು. ಡಾಕ್ಟರ್ ಕೊಡೋ ಔಷಧಿಯ ಜೊತೆಗೆ ಮನೇಲಿ ಮಾಡೋ ಕೆಲಸ ಸೇರಿದಾಗ ಮಾತ್ರ ಅದು ಆಗೋದು. ಮನೆ ಕೆಲಸದ ಭಾಗ ಏನು ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲ ಹೆಜ್ಜೆ: ಇದು ಸೋರಿಯಾಸಿಸ್ಸೇನಾ ಅಂತ ಖಾತ್ರಿ ಮಾಡ್ಕೊಳ್ಳಿ

ಹುಳುಕಡ್ಡಿ, ಇಸುಬು, ಸೋರಿಯಾಸಿಸ್ ಮೂರೂ ನೋಡೋಕೆ ಒಂದೇ ಥರ ಕಾಣಬಹುದು, ಔಷಧಿ ಮಾತ್ರ ಪೂರ್ತಿ ಬೇರೆ ಬೇರೆ. ಹುಳುಕಡ್ಡಿ ಅಂದ್ರೆ ಫಂಗಸ್, ಅದಕ್ಕೆ ಸ್ಟೀರಾಯ್ಡ್ ಹಚ್ಚಿದ್ರೆ ಮೇಲೆ ತಣ್ಣಗಾದ ಹಾಗೆ ಕಂಡು ಒಳಗೊಳಗೇ ಹರಡತ್ತೆ. ಹಾಗಾಗಿ ಒಂದ್ಸಲ ಚರ್ಮದ ಡಾಕ್ಟರ್ ಹತ್ರ ಹೋಗ್ಲೇಬೇಕು, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರತ್ತೆ, ದುಡ್ಡಿನ ತಾಪತ್ರಯ ಇರೋರು ಅಲ್ಲಿಗೆ ಹೋಗಿ.

ಸೋರಿಯಾಸಿಸ್‌ನಲ್ಲಿ ಆಗೋದು ಇಷ್ಟು: ನಮ್ಮ ಚರ್ಮದ ಜೀವಕೋಶ ಕೆಳಗೆ ಹುಟ್ಟಿ ಮೇಲೆ ಬಂದು ಉದುರೋಕೆ ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ನಮ್ಮಂಥವರಲ್ಲಿ ಅದು 3ರಿಂದ 5 ದಿನಕ್ಕೇ ಮೇಲೆ ಬಂದುಬಿಡತ್ತೆ, ಪಕ್ವ ಆಗದೆ ಬಂದಿದ್ದು ಉದುರೋಕೂ ಆಗದೆ ಒಂದರ ಮೇಲೊಂದು ಕೂತ್ಕೊಂಡು ದಪ್ಪ ಹೊಟ್ಟಾಗತ್ತೆ. ಮೈಯನ್ನ ಕಾಯಬೇಕಾದ ರೋಗನಿರೋಧಕ ಶಕ್ತಿ ತಪ್ಪಾಗಿ ಕೆರಳಿರೋದು ಇದಕ್ಕೆ ಕಾರಣ. ರಕ್ತ ಕೆಟ್ಟಿರೋದಲ್ಲ, ಕೊಳಕಿನಿಂದ ಬಂದಿದ್ದಲ್ಲ, ಮುಟ್ಟಿದ್ರೆ ಅಂಟಲ್ಲ, ತಟ್ಟೆ, ಟವಲ್, ಹಾಸಿಗೆ ಯಾವುದರಿಂದಲೂ ಅಂಟಲ್ಲ. ಈ ಮಾತನ್ನ ಮನೆಯವರಿಗೆಲ್ಲ ಕೂರಿಸಿ ಹೇಳಿ, ಮಕ್ಕಳಿಗೂ ಹೇಳಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಸೋರಿಯಾಸಿಸ್ ಬಗ್ಗೆನೇ ಒಂದು ನಿರ್ಣಯ ಆಯ್ತು, ಇದು ಅಂಟುರೋಗ ಅಲ್ಲ ಅಂತ ಅದರಲ್ಲೂ ಬರ್ದಿದೆ. ಹೇರ್ ಕಟ್ಟಿಂಗ್ ಅಂಗಡೀಲಿ ಕುರ್ಚಿ ಕೊಡಲ್ಲ ಅಂದಾಗ, ಮದುವೆ ಮಾತುಕತೆ ಮುರಿದಾಗ ಆಗೋ ನೋವು ಎಷ್ಟು ಅಂತ ಅನುಭವಿಸಿದವರಿಗೇ ಗೊತ್ತು.

ನಮ್ಮ ಕಡೆ ಚರ್ಮದ ಕಾಯಿಲೆ ಅಂದ್ರೆ ನಾಗದೋಷ ಅಂತಾನೂ ಹೇಳ್ತಾರೆ. ಕುಕ್ಕೆಗೆ ಹೋಗಿ ಬರೋದ್ರಿಂದ ಮನಸ್ಸಿಗೆ ನೆಮ್ಮದಿ ಸಿಗತ್ತೆ ಅಂದ್ರೆ ಖಂಡಿತಾ ಹೋಗಿ ಬನ್ನಿ, ನಾನೂ ಹೋಗಿದ್ದೆ, ಔಷಧಿ ಮಾತ್ರ ಬ್ಯಾಗಲ್ಲಿ ಇಟ್ಕೊಂಡು ಹೋಗಿ.

ಎರಡನೇದು: ನೋಟ್‌ಬುಕ್ ಮತ್ತೆ ಅಂಗೈ ಅಳತೆ

ಒಂದು ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ನನ್ನ ಪ್ರಕಾರ ಇಡೀ ಪಥ್ಯದಲ್ಲಿ ಅತೀ ಮುಖ್ಯವಾದ ವಸ್ತು ಇದು. ಯಾಕಂದ್ರೆ ಈ ಕಾಯಿಲೆ ತಾನಾಗೇ ಏರತ್ತೆ, ತಾನಾಗೇ ಇಳಿಯತ್ತೆ, ಇಳಿಯೋ ಹೊತ್ತಲ್ಲಿ ನೀವು ಏನು ತಿಂತಿದ್ರೋ ಅದೇ ಔಷಧಿ ಅನ್ಸತ್ತೆ, ಏರೋ ಹೊತ್ತಲ್ಲಿ ತಿಂದಿದ್ದೆಲ್ಲ ವಿಷ ಅನ್ಸತ್ತೆ. ಬರೆದಿಡದೆ ಇದ್ರೆ ನಮ್ಮ ನೆನಪು ನಮಗೇ ಮೋಸ ಮಾಡತ್ತೆ.

ಅಳತೆ ಹೀಗೆ: ನಿಮ್ಮ ಕೈ, ಬೆರಳು ಸೇರಿಸಿ ಒಂದು ಅಂಗೈ ಅಗಲ ಅಂದ್ರೆ ನಿಮ್ಮ ಮೈಯ ಸುಮಾರು 1 ಪರ್ಸೆಂಟ್. ಮಚ್ಚೆಗಳೆಲ್ಲ ಸೇರಿ ಎಷ್ಟು ಅಂಗೈ ಆಗತ್ತೆ ಅಂತ ಅಂದಾಜು ಹಾಕಿ. 3ಕ್ಕಿಂತ ಕಮ್ಮಿ ಇದ್ರೆ ಸೌಮ್ಯ, 3ರಿಂದ 10 ಮಧ್ಯಮ, 10 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಅಂಗೈ, ಪಾದ, ಮುಖ, ಗುಪ್ತಾಂಗದಲ್ಲಿ ಬಂದಿದ್ರೆ ಅಳತೆ ಕಮ್ಮಿ ಇದ್ರೂ ಕಷ್ಟ ಜಾಸ್ತಿನೇ, ಅದನ್ನ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಬೇಕು, ನಾಚಿಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆ ಅದೇ ಕಿಟಕಿ ಹತ್ರ, ಅದೇ ಹೊತ್ತಲ್ಲಿ ಫೋನಲ್ಲಿ ಒಂದು ಫೋಟೋ. ನೋಟ್‌ಬುಕ್‌ನಲ್ಲಿ ದಿನಕ್ಕೆ ಎರಡೇ ಸಾಲು ಸಾಕು: ತುರಿಕೆ ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಹೊಸದಾಗಿ ಏನಾದ್ರೂ ತಿಂದಿದ್ರೆ ಅಥವಾ ಹಚ್ಚಿದ್ರೆ ಅದು.

ಮೂರನೇದು: ಸ್ನಾನ ಮತ್ತೆ ಎಣ್ಣೆ

ಮಲೆನಾಡಿನವರಿಗೆ ಇದು ಹೇಳೋಕೆ ಕಷ್ಟ, ಕೇಳೋಕೂ ಕಷ್ಟ. ಅಡಿಕೆ ಸಿಪ್ಪೆ ಉರಿ ಹಾಕಿ ಕಾಯಿಸಿದ ಹಂಡೆ ನೀರನ್ನ ಸುಡುಸುಡು ಹೊಯ್ಕೊಂಡ್ರೆ ತುರಿಕೆ ಆ ಹೊತ್ತಿಗೆ ಸ್ವರ್ಗದ ಹಾಗೆ ನಿಲ್ಲತ್ತೆ, ಆದ್ರೆ ಚರ್ಮದಲ್ಲಿರೋ ಚೂರುಪಾರು ಜಿಡ್ಡೂ ತೊಳೆದುಹೋಗಿ ಒಂದು ಗಂಟೆ ಬಿಟ್ಟು ಎರಡರಷ್ಟು ಕೆರೆತ ಬರತ್ತೆ. ನೀರು ಉಗುರುಬೆಚ್ಚಗೆ ಇರಲಿ, ಹತ್ತು ನಿಮಿಷದ ಒಳಗೆ ಮುಗಿಸಿ. ಕಡ್ಲೆಹಿಟ್ಟು, ಸೀಗೆಪುಡಿ, ತೆಂಗಿನ ನಾರು, ಹೀರೆಕಾಯಿ ನಾರು ಯಾವುದನ್ನೂ ಮಚ್ಚೆ ಮೇಲೆ ತಿಕ್ಕಬೇಡಿ. ಸೋರಿಯಾಸಿಸ್‌ಗೆ ಒಂದು ವಿಚಿತ್ರ ಗುಣ ಇದೆ, ಚರ್ಮಕ್ಕೆ ಎಲ್ಲಿ ಗಾಯ ಆಗತ್ತೋ, ತಿಕ್ಕಿದ್ದು, ಕೆರೆದಿದ್ದು, ಸುಟ್ಟಿದ್ದು, ಬಿಗಿಯಾದ ಲಾಡಿ ಉಜ್ಜಿದ್ದು, ಅಲ್ಲೇ ಹೊಸ ಮಚ್ಚೆ ಏಳಬಹುದು. ಡಾಕ್ಟರುಗಳು ಇದನ್ನ ಕೋಬ್ನರ್ ಅಂತ ಕರೀತಾರೆ. ನಂಗೆ ಸೊಂಟದ ಸುತ್ತ ಬಂದಿದ್ದು ಸೀರೆ ಲಂಗದ ಲಾಡಿ ಬಿಗಿದಿದ್ದ ಗೆರೆಯ ಮೇಲೇ, ಸ್ಕೇಲ್ ಇಟ್ಟು ಎಳೆದ ಹಾಗೆ. ಲಾಡಿ ಬದಲು ಅಗಲ ಎಲಾಸ್ಟಿಕ್ ಹಾಕಿಸ್ಕೊಂಡ ಮೇಲೆ ಅದು ಇಳೀತು.

ಸೋಪು ವಾಸನೆ ಕಮ್ಮಿ ಇರೋದು, ನೊರೆ ಕಮ್ಮಿ ಬರೋದು ಆಗಿರಲಿ, ಅದನ್ನೂ ಕಂಕುಳು, ಕಾಲ್ಸಂದಿಗೆ ಮಾತ್ರ.

ಈಗ ಮುಖ್ಯ ಕೆಲಸ. ಸ್ನಾನ ಆದ್ಮೇಲೆ ಮೈ ಒರೆಸೋದಲ್ಲ, ಹತ್ತಿ ಟವಲ್ಲಿಂದ ಒತ್ತಿ ಒತ್ತಿ ತೆಗೀಬೇಕು, ಮೈಯಲ್ಲಿ ಇನ್ನೂ ತೇವ ಇರೋವಾಗ್ಲೇ, ಬಚ್ಚಲುಮನೆಯಿಂದ ಹೊರಗೆ ಬರೋ ಮೊದ್ಲೇ, ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಮೂರು ನಿಮಿಷದ ಒಳಗೆ ಅಂತ ಇಟ್ಕೊಳ್ಳಿ. ಎಣ್ಣೆ ಚರ್ಮಕ್ಕೆ ನೀರು ಕೊಡಲ್ಲ, ಇರೋ ನೀರನ್ನ ಒಳಗೇ ಹಿಡಿದಿಡತ್ತೆ, ಒಣಗಿದ ಮೇಲೆ ಹಚ್ಚಿದ್ರೆ ಹಿಡಿದಿಡೋಕೆ ಅಲ್ಲಿ ಏನೂ ಉಳಿದಿರಲ್ಲ. ನಾನು ಬಳಸೋದು ಗಾಣದ ಕೊಬ್ಬರಿ ಎಣ್ಣೆ, ಬಚ್ಚಲಲ್ಲೇ ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ಇಟ್ಟಿರ್ತೀನಿ. ಚಳಿಗಾಲದಲ್ಲಿ ಡಿಸೆಂಬರ್, ಜನವರಿ ಹೊತ್ತಿಗೆ ಹಿಮ್ಮಡಿ ಒಡೆದು ರಕ್ತ ಬರೋ ಹಾಗಾಗತ್ತಲ್ಲ, ಆಗ ಎಣ್ಣೆ ಸಾಲಲ್ಲ, ರಾತ್ರಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಹಳೇ ಹತ್ತಿ ಸಾಕ್ಸ್ ಹಾಕ್ಕೊಂಡು ಮಲ್ಕೊಳ್ಳಿ. ಮೊಣಕೈಗೆ ಅದೇ ಸಾಕ್ಸಿನ ಬೆರಳು ಕಡೆ ಕತ್ತರಿಸಿ ತೋಳಿಗೆ ಏರಿಸ್ಕೋಬಹುದು. ಆದ್ರೆ ಡಾಕ್ಟರ್ ಕೊಟ್ಟ ಸ್ಟೀರಾಯ್ಡ್ ಕ್ರೀಮ್ ಹಚ್ಚಿದ ಜಾಗವನ್ನ ಅವರು ಹೇಳದೆ ಹೀಗೆ ಮುಚ್ಚಬೇಡಿ, ಮುಚ್ಚಿದ್ರೆ ಔಷಧಿ ಲೆಕ್ಕ ಮೀರಿ ಒಳಗೆ ಇಳಿಯತ್ತೆ.

ದಿನಕ್ಕೆ ಎರಡು ಸಲ ಎಣ್ಣೆ. ಮಚ್ಚೆ ಇಲ್ಲದ ದಿನವೂ.

ತಲೆದು ಬೇರೆ ಕಥೆ. ತಲೆಯಲ್ಲಿ ಬಂದಿದ್ದನ್ನ ಹೊಟ್ಟು ಅಂತ ಅಂದ್ಕೊಂಡು ವರ್ಷಗಟ್ಟಲೆ ಶಾಂಪೂ ಬದಲಾಯಿಸೋರು ಬೇಕಾದಷ್ಟು ಜನ ಇದಾರೆ. ಕೂದಲಿನ ಗಡಿ ದಾಟಿ ಹಣೆ, ಕಿವಿ ಹಿಂದೆ, ಕತ್ತಿನ ಹಿಂಭಾಗಕ್ಕೆ ದಪ್ಪ ಪದರ ಬಂದಿದ್ರೆ ಸೋರಿಯಾಸಿಸ್ ಇರಬಹುದು. ರಾತ್ರಿ ಕೊಬ್ಬರಿ ಎಣ್ಣೆನ ಬೆಚ್ಚಗೆ ಮಾಡಿ, ಬೈತಲೆ ಬೈತಲೆ ಬಿಡಿಸಿ ಬುಡಕ್ಕೆ ಹತ್ತಿಯಿಂದ ಒತ್ತಿ ಹಚ್ಚಿ, ಹಳೇ ಪಂಚೆ ಬಟ್ಟೆ ಕಟ್ಕೊಂಡು ಮಲಗಿ. ಬೆಳಿಗ್ಗೆ ಪದರ ನೆಂದು ಮೆತ್ತಗಾಗಿರತ್ತೆ, ಅಗಲ ಹಲ್ಲಿನ ಬಾಚಣಿಗೆನ ಚಪ್ಪಟೆಯಾಗಿ ಹಿಡಿದು ತಾನಾಗಿ ಎದ್ದಿರೋದನ್ನ ಮಾತ್ರ ತೆಗೀರಿ. ಅಂಟಿರೋದನ್ನ ಕಿತ್ರೆ ಚುಕ್ಕಿ ಚುಕ್ಕಿ ರಕ್ತ ಬರತ್ತೆ, ಕೂದಲೂ ಕಿತ್ಕೊಂಡು ಬರತ್ತೆ, ಮತ್ತೆ ಅಲ್ಲೇ ದಪ್ಪ ಆಗತ್ತೆ. ಆಮೇಲೆ ಡಾಕ್ಟರ್ ಹೇಳಿದ ಕೋಲ್ ಟಾರ್ ಅಥವಾ ಸ್ಯಾಲಿಸಿಲಿಕ್ ಆಸಿಡ್ ಇರೋ ಶಾಂಪೂ, ಹಚ್ಚಿ ಐದು ನಿಮಿಷ ಬಿಟ್ಟು ತೊಳೀರಿ, ಹಚ್ಚಿದ ತಕ್ಷಣ ತೊಳೆದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ನಾಲ್ಕನೇದು: ಊಟ

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಇದನ್ನೇ, ಎಲ್ಲರೂ ಸಲಹೆ ಕೊಡೋದೂ ಇದರಲ್ಲೇ.

ಕಾಯಿಲೆ ಅಂತ ಗೊತ್ತಾದ ವಾರಕ್ಕೇ ಮನೇಲಿ ನಂಜಿನ ಪಟ್ಟಿ ಬಂತು. ಬದನೆಕಾಯಿ ನಂಜು, ಹಲಸಿನ ಹಣ್ಣು ನಂಜು, ಅಣಬೆ ನಂಜು, ಸೀಗಡಿ, ಒಣಮೀನು, ಮೊಟ್ಟೆ ಎಲ್ಲಾ ನಂಜು, ಮೀನಿನ ಜೊತೆ ಮೊಸರು ವಿರುದ್ಧ ಆಹಾರ, ಹುಳಿ ಬೇಡ, ಖಾರ ಬೇಡ. ಆರು ತಿಂಗಳು ನಾನು ಗಂಜಿ, ಹೆಸರುಬೇಳೆ ತೊವ್ವೆ, ಸೋರೆಕಾಯಿ ಪಲ್ಯದಲ್ಲೇ ಕಳೆದೆ. ಮಚ್ಚೆ ಇದ್ದಲ್ಲೇ ಇತ್ತು. ಇಳಿದಿದ್ದು ಹಿಮೋಗ್ಲೋಬಿನ್ ಮಾತ್ರ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು. ಹಿರಿಯರ ಪ್ರೀತಿ ದೊಡ್ಡದು, ಅದನ್ನ ಅಲ್ಲಗಳೆಯಲ್ಲ, ಆದ್ರೆ ಬದನೆ, ಟೊಮೇಟೊ, ಹಾಲು ಬಿಟ್ರೆ ಸೋರಿಯಾಸಿಸ್ ಎಲ್ಲರಿಗೂ ಕಮ್ಮಿ ಆಗತ್ತೆ ಅನ್ನೋಕೆ ಒಳ್ಳೆ ಆಧಾರ ಇಲ್ಲ.

ಹಾಗಂತ ನಿಮಗೆ ಯಾವುದೋ ಒಂದು ತಿಂದ್ರೆ ಆಗಲ್ಲ ಅನ್ಸಿದ್ರೆ ಅದನ್ನ ಪರೀಕ್ಷೆ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಪದಾರ್ಥ. ಬದನೆಕಾಯಿ ಅನುಮಾನ ಅಂದ್ರೆ ನಾಲ್ಕು ವಾರ ಬದನೆಕಾಯಿ ಮಾತ್ರ ಬಿಡಿ, ಬೇರೆಲ್ಲ ಮೊದಲಿನ ಹಾಗೇ ತಿನ್ನಿ, ಔಷಧಿನೂ ಬದಲಾಯಿಸಬೇಡಿ. ನಾಲ್ಕು ವಾರ ಆದ್ಮೇಲೆ ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮತ್ತೆ ತಿಂದು ಎರಡು ವಾರ ನೋಡಿ. ಬಿಟ್ಟಾಗ ಇಳಿದು, ತಿಂದಾಗ ಏರಿ, ಇನ್ನೊಂದ್ಸಲ ಮಾಡಿದಾಗಲೂ ಹಾಗೇ ಆದ್ರೆ ನಿಮ್ಮ ಮೈಗೆ ಅದು ಆಗಲ್ಲ ಅಂತ ಲೆಕ್ಕ. ನಾನು ಹೀಗೆ ಐದು ಪದಾರ್ಥ ನೋಡಿದೆ, ಒಂದೂ ನಿಲ್ಲಲಿಲ್ಲ. ಹಲಸಿನ ಹಣ್ಣು ಈಗ ಖುಷಿಯಾಗಿ ತಿಂತೀನಿ.

ನಿಜವಾಗಿ ಕೆಲಸ ಮಾಡೋದು ಯಾವುದು ಅಂದ್ರೆ ತೂಕ. ತೂಕ ಜಾಸ್ತಿ ಇರೋರಿಗೆ ತೂಕ ಇಳಿಸೋದು. 2018ರಲ್ಲಿ ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯರ ಮಂಡಳಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿ ಊಟದ ವಿಷಯದಲ್ಲಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ಇದನ್ನೇ, ತೂಕ ಜಾಸ್ತಿ ಇರೋರು ಕ್ಯಾಲರಿ ಕಮ್ಮಿ ಮಾಡಿ ಇಳಿಸಬೇಕು ಅಂತ. ಕಾರಣ ಏನಂದ್ರೆ ಹೊಟ್ಟೆ ಸುತ್ತ ಕೂತಿರೋ ಕೊಬ್ಬು ಸುಮ್ನೆ ಕೂತಿರಲ್ಲ, ಉರಿಯೂತ ಹೆಚ್ಚಿಸೋ ರಾಸಾಯನಿಕಗಳನ್ನ ಬಿಡ್ತಾನೇ ಇರತ್ತೆ, ಸೋರಿಯಾಸಿಸ್‌ನಲ್ಲಿ ಕೆರಳಿರೋದೂ ಅದೇ ದಾರಿ. ಅದೂ ಅಲ್ದೆ ಸೋರಿಯಾಸಿಸ್ ಇರೋರಿಗೆ ಶುಗರ್, ಫ್ಯಾಟಿ ಲಿವರ್, ಹೃದಯದ ತೊಂದರೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಹಾಗಾಗಿ ಚರ್ಮಕ್ಕೆ ಅಂತ ಮಾಡೋ ಊಟ ಹೃದಯಕ್ಕೂ ಆಗತ್ತೆ.

ಮೊದಲ ಗುರಿ ಈಗಿನ ತೂಕದ 5ರಿಂದ 10 ಪರ್ಸೆಂಟ್ ಅಂತ ಇಟ್ಕೊಳ್ಳಿ, 80 ಕೆಜಿ ಇರೋರು 4ರಿಂದ 8 ಕೆಜಿ. ನಾನು 74 ಇದ್ದೆ, ಒಂದು ವರ್ಷದ ಮೇಲೆ ಹಿಡಿದು 67ಕ್ಕೆ ಬಂದೆ, ಬೆನ್ನಿನ ಮಚ್ಚೆ ತೆಳುವಾಗಿದ್ದು, ಅದೇ ಮುಲಾಮು ಮೊದಲಿಗಿಂತ ಬೇಗ ಹಿಡಿಯೋಕೆ ಶುರುವಾಗಿದ್ದು ಆಗ.

ಹೇಗೆ ಇಳಿಸಿದೆ ಅಂದ್ರೆ, ಹೊಸ ಅಡಿಗೆ ಏನೂ ಕಲೀಲಿಲ್ಲ. ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಾಫಿ ಇತ್ತು, ಅದನ್ನ ಎರಡಕ್ಕೆ ಇಳಿಸಿ ಸಕ್ಕರೆ ಬಿಟ್ಟೆ. ಸಂಜೆ ಬೇಕರಿ ಬನ್ನು, ಪಫ್ಸು, ಖಾರ ಬಿಟ್ಟು ಒಂದು ಹಿಡಿ ಹುರಿದ ಕಡ್ಲೆ ಅಥವಾ ಶೇಂಗಾ. ಮಧ್ಯಾಹ್ನ ತಟ್ಟೆಲಿ ಮೊದ್ಲು ಕೋಸಂಬರಿ ಮತ್ತೆ ಪಲ್ಯ ಬಡಿಸ್ಕೊಳ್ಳೋದು, ಅರ್ಧ ತಟ್ಟೆ ಅದೇ ಇರಬೇಕು, ಆಮೇಲೆ ಒಂದು ಸೌಟು ಅನ್ನ, ಮೇಲೆ ಸೊಪ್ಪು ಕಾಳಿನ ಬಸ್ಸಾರೋ ಹುರುಳಿಕಟ್ಟಿನ ಸಾರೋ. ರಾತ್ರಿ ಎಂಟಕ್ಕೆಲ್ಲ ಒಂದು ರೊಟ್ಟಿ, ಜೋಳದ್ದೋ ರಾಗಿದೋ, ಸೊಪ್ಪಿನ ಪಲ್ಯ. ರಾಗಿ ಮುದ್ದೆ ಒಳ್ಳೇದು ಅಂತ ಎರಡೆರಡು ದೊಡ್ಡ ಮುದ್ದೆ ನುಂಗಿದ್ರೆ ಅದೂ ತೂಕನೇ ಏರಿಸೋದು, ಅಳತೆ ಮರೀಬೇಡಿ. ಊಟ ಆದ್ಮೇಲೆ ಇಪ್ಪತ್ತು ನಿಮಿಷ ನಡಿಗೆ. ಬೆವರು ಒಣಗಿದ್ರೆ ಕೆರೆತ ಬರತ್ತೆ, ಹಾಗಾಗಿ ಬಂದ ತಕ್ಷಣ ತಣ್ಣೀರಲ್ಲಿ ತೊಳ್ಕೊಂಡು ಎಣ್ಣೆ ಹಚ್ಚಿ.

ಮೀನು ತಿನ್ನೋರು ವಾರಕ್ಕೆ ಎರಡು ದಿನ ಬಂಗುಡೆ, ಬೂತಾಯಿ ತಿನ್ನಿ, ಸಾರು ಅಥವಾ ತವದ ಮೇಲೆ ಚೂರೇ ಎಣ್ಣೆ ಹಾಕಿ, ರವೆ ಹಚ್ಚಿ ಬಾಣಲೆಲಿ ಕರಿಯೋದು ಬೇಡ. ಇವುಗಳಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿದೆ. ತಿನ್ನದೇ ಇರೋರಿಗೆ ಅಗಸೆ ಚಟ್ನಿಪುಡಿ, ಉತ್ತರ ಕರ್ನಾಟಕದವರ ಮನೇಲಿ ಇದ್ದೇ ಇರತ್ತೆ: ಅಗಸೆಬೀಜ ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೂ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ಪುಡಿ ಮಾಡೋದು, ರೊಟ್ಟಿಗೆ ದಿನಕ್ಕೊಂದು ಚಮಚ. ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗತ್ತೆ, ಪುಡಿ ಮಾಡ್ಲೇಬೇಕು. ಇದರಿಂದ ಮಚ್ಚೆ ಹೋಗತ್ತೆ ಅಂತ ನಾನು ಮಾತು ಕೊಡಲ್ಲ, ಮೀನೆಣ್ಣೆ ಮಾತ್ರೆ ಮೇಲೆ ಆದ ಅಧ್ಯಯನಗಳೇ ಒಂದೊಂದು ಒಂದೊಂದು ಹೇಳ್ತಾವೆ, ಆದ್ರೆ ಹೃದಯಕ್ಕೆ ಒಳ್ಳೇದು ಅನ್ನೋ ಕಾರಣಕ್ಕೆ ತಟ್ಟೆಲಿ ಇರಲಿ.

ಗ್ಲುಟೆನ್, ಅಂದ್ರೆ ಗೋಧಿಯಲ್ಲಿರೋ ಒಂದು ಪ್ರೋಟೀನ್, ಅದರ ಬಗ್ಗೆ ಒಂದು ಮಾತು. ಗೋಧಿ ಬಿಟ್ರೆ ವಾಸಿ ಆಗತ್ತೆ ಅಂತ ಫೋನಿಗೆ ಬರೋ ವೀಡಿಯೋ ನೋಡಿ ತುಂಬಾ ಜನ ಬಿಡ್ತಾರೆ. ಗ್ಲುಟೆನ್ ಬಿಡೋದ್ರಿಂದ ಉಪಯೋಗ ಆಗಬಹುದಾದ್ದು ಸೀಲಿಯಾಕ್ (ಗ್ಲುಟೆನ್ ತಿಂದ್ರೆ ಕರುಳಿಗೆ ಪೆಟ್ಟಾಗೋ ಕಾಯಿಲೆ) ಇರೋರಿಗೆ ಅಥವಾ ಅದರ ರಕ್ತಪರೀಕ್ಷೆ ಪಾಸಿಟಿವ್ ಬಂದೋರಿಗೆ ಮಾತ್ರ. ಪರೀಕ್ಷೆ ಮೊದ್ಲು ಮಾಡಿಸಿ, ಆಮೇಲೆ ಗೋಧಿ ಬಿಡಿ, ಮೊದ್ಲೇ ಬಿಟ್ಟು ಆಮೇಲೆ ಪರೀಕ್ಷೆ ಮಾಡಿಸಿದ್ರೆ ಇದ್ರೂ ಇಲ್ಲ ಅಂತ ಬರಬಹುದು. ನಮ್ಮ ರಾಗಿ, ಜೋಳ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ, ಹಾಗಾಗಿ ಬಿಡಬೇಕಾದವರಿಗೂ ನಮ್ಮ ಕಡೆ ಊಟಕ್ಕೆ ತೊಂದರೆ ಇಲ್ಲ.

ಕುಡಿತ ಮತ್ತೆ ಸಿಗರೇಟು ಎರಡೂ ಈ ಕಾಯಿಲೆನ ಕೆರಳಿಸ್ತಾವೆ. ಇದರಲ್ಲಿ ಅನುಮಾನ ಬೇಡ, ಪರೀಕ್ಷೆ ಮಾಡಿ ನೋಡೋದೂ ಬೇಡ, ಬಿಡಿ.

ಐದನೇದು: ಮನೆಮದ್ದು, ಯಾವುದು ಸರಿ ಯಾವುದು ಸುಡತ್ತೆ

ಯಾವ ಮನೆಮದ್ದೇ ಆಗಲಿ ಮೊದ್ಲು ಮುಂಗೈ ಒಳಭಾಗದಲ್ಲಿ, ಮಚ್ಚೆ ಇಲ್ಲದ ಕಡೆ, ನಾಣ್ಯದಷ್ಟು ಜಾಗಕ್ಕೆ ಮೂರು ದಿನ ಹಚ್ಚಿ ನೋಡಿ. ಕೆಂಪಾದ್ರೆ, ಉರಿದ್ರೆ ಅಲ್ಲಿಗೇ ಬಿಡಿ. ಗಿಡದ್ದು ಅಂದ ಮಾತ್ರಕ್ಕೆ ಎಲ್ಲರ ಮೈಗೂ ಆಗತ್ತೆ ಅಂತಿಲ್ಲ.

ಲೋಳೆಸರ ತಂಪು ಅನ್ಸತ್ತೆ, ತುರಿಕೆಗೆ ಸ್ವಲ್ಪ ಆರಾಮ. ಎಲೆ ಕೊಯ್ದು ಹತ್ತು ನಿಮಿಷ ನಿಲ್ಲಿಸಿಡಿ, ಹಳದಿ ರಸ ಸೋರಿ ಹೋಗಲಿ, ತೊಳೆದು ಒಳಗಿನ ಲೋಳೆ ಮಾತ್ರ ಹಚ್ಚಿ, ಆ ಹಳದಿ ರಸ ಉರಿಸತ್ತೆ. 1996ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಲೋಳೆಸರದ ಕ್ರೀಮ್‌ಗೆ ಭಾರಿ ಒಳ್ಳೆ ಫಲಿತಾಂಶ ಸಿಕ್ಕಿತ್ತು, 2005ರಲ್ಲಿ ಡೆನ್ಮಾರ್ಕಿನವರು ಮಾಡಿದ್ರಲ್ಲಿ ಲೋಳೆಸರಕ್ಕಿಂತ ಔಷಧಿ ಇಲ್ಲದ ಜೆಲ್ಲೇ ವಾಸಿ ಅಂತ ಬಂತು. ಹಾಗಾಗಿ ತಂಪಿಗೆ ಅಂತ ಬಳಸಿ, ಔಷಧಿ ಅಂತ ನಂಬಿ ಕೂರಬೇಡಿ.

ಬೆಪ್ಪಾಲೆ ಎಲೆ ಎಣ್ಣೆ ಗೊತ್ತಿರಬಹುದು, ತಮಿಳಿನವರು ವೆಟ್ಪಾಲೈ ಅಂತಾರೆ, ಸಿದ್ಧ ವೈದ್ಯದಲ್ಲಿ ಸೋರಿಯಾಸಿಸ್‌ಗೆ ಬಹಳ ಬಳಸ್ತಾರೆ. ಎಲೆ ಮುರಿದ್ರೆ ಹಾಲು ಬರತ್ತೆ. ತೊಳೆದು ನೆರಳಲ್ಲಿ ನೀರಾರಿಸಿ, ಗಾಜಿನ ಬಾಟ್ಲಿಗೆ ಹಾಕಿ, ಮುಳುಗೋಷ್ಟು ಕೊಬ್ಬರಿ ಎಣ್ಣೆ ಹೊಯ್ದು ಬಿಸಿಲಲ್ಲಿ ಕೆಲವು ದಿನ ಇಟ್ರೆ ಎಣ್ಣೆ ನಿಧಾನಕ್ಕೆ ಕಡು ನೇರಳೆ ಬಣ್ಣಕ್ಕೆ ತಿರುಗತ್ತೆ, ಮೊದಲ ಸಲ ನೋಡಿದಾಗ ನಂಗೆ ಆಶ್ಚರ್ಯ ಆಗಿತ್ತು, ಈ ಎಲೆಯಲ್ಲಿ ನೀಲಿ ಬಣ್ಣ ಕೊಡೋ ಅಂಶ ಇರೋದ್ರಿಂದ ಹಾಗೆ. ನಂಗೆ ತಲೆಗೆ ಆರಾಮ ಕೊಡ್ತು, ಬರಿ ಕೊಬ್ಬರಿ ಎಣ್ಣೆಗಿಂತ ಎಷ್ಟು ಜಾಸ್ತಿ ಅಂದ್ರೆ ಹೇಳೋಕಾಗಲ್ಲ. ದಿಂಬಿನ ಕವರ್‌ಗೆ ಕಲೆ ಆಗತ್ತೆ, ಹಳೇದು ಹಾಕ್ಕೊಳ್ಳಿ. ಗಿಡ ಗುರುತು ಪಕ್ಕಾ ಇಲ್ದೆ ಇದ್ರೆ ಕೈ ಹಾಕಬೇಡಿ, ಹಾಲು ಬರೋ ಗಿಡಗಳಲ್ಲಿ ವಿಷದವೂ ಇದಾವೆ.

ಬೇವಿನ ಎಲೆ ಕುದಿಸಿದ ನೀರು ಸ್ನಾನಕ್ಕೆ ಆಗಬಹುದು, ಆದ್ರೆ ಒಣಗಿಸತ್ತೆ, ಮೇಲೆ ಎಣ್ಣೆ ಬೇಕೇ ಬೇಕು. ಬೇವಿನ ಎಣ್ಣೆನ ಯಾವತ್ತೂ ಕುಡೀಬೇಡಿ, ಮಕ್ಕಳಿಗಂತೂ ಹನಿ ಕೂಡ ಬಾಯಿಗೆ ಹಾಕಬೇಡಿ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾದ ಉದಾಹರಣೆ ಇದಾವೆ.

ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹೋಗೋದು ದೊಡ್ಡ ತಪ್ಪು. ನಿಂಬೆ ರಸಕ್ಕೆ ಬಿಸಿಲು ಬಿದ್ರೆ ಚರ್ಮ ಬೊಬ್ಬೆ ಬಂದು ಕಪ್ಪಾಗತ್ತೆ. ಬಾವಂಚಿ ಬೀಜದ ಪುಡಿ, ಎಣ್ಣೆನೂ ಅದೇ ಜಾತಿ, ಇನ್ನೂ ಜೋರು. ಅದರಲ್ಲಿರೋ ಸೋರಲೆನ್ ಅನ್ನೋ ಅಂಶವನ್ನೇ ಆಸ್ಪತ್ರೆಲಿ ಅಳತೆ ಮಾಡಿದ ಬೆಳಕಿನ ಜೊತೆ ಕೊಟ್ಟು ಪುವಾ ಚಿಕಿತ್ಸೆ ಮಾಡ್ತಾರೆ, ಮನೇಲಿ ಆ ಅಳತೆ ಇರಲ್ಲ. ವಿನೆಗರ್ ಬಿರುಕು ಬಿಟ್ಟ ಚರ್ಮಕ್ಕೆ ಬಿದ್ರೆ ಕಣ್ಣಲ್ಲಿ ನೀರು ಬರೋ ಉರಿ, ಬೇಡ.

ಬಿಸಿಲು ಬರಿ ಮೈಗೆ ಹಿತವಾಗಿ ಬೀಳೋದು ಒಳ್ಳೇದು, ಐದು ನಿಮಿಷದಿಂದ ಶುರು ಮಾಡಿ ಹತ್ತು ಹದಿನೈದಕ್ಕೆ ಏರಿಸಿ, ಚರ್ಮ ಕೆಂಪಾಗೋ ಮೊದ್ಲೇ ಎದ್ದು ಬನ್ನಿ, ಸುಟ್ರೆ ಅಲ್ಲೇ ಹೊಸ ಮಚ್ಚೆ. ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮೂರಲ್ಲಿ ಸೂರ್ಯನೇ ಕಾಣಲ್ಲ, ಆಗ ಜಾಸ್ತಿ ಆದೋರು ಆಸ್ಪತ್ರೆಯ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಬಗ್ಗೆ ಡಾಕ್ಟರ್‌ನ ಕೇಳಿ. ಕೆಲವು ಮಾತ್ರೆ ತಗೊಳ್ಳೋರಿಗೆ ಬಿಸಿಲು ಆಗಲ್ಲ, ಅದನ್ನೂ ಕೇಳಿ.

ಆರನೇದು: ಬಾಯಿಗೆ ಹಾಕೋದ್ರ ಬಗ್ಗೆ ಎಚ್ಚರ

ಕೊರೊನಾ ಸಮಯದಲ್ಲಿ ಮನೆಮನೇಲೂ ಅಮೃತಬಳ್ಳಿ ಕಷಾಯ ಕುಡಿದ್ವಿ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡ ಆರು ಜನರ ಲಿವರ್‌ಗೆ ಪೆಟ್ಟಾಗಿದ್ದನ್ನ ವರದಿ ಮಾಡಿದ್ರು. ಸೋರಿಯಾಸಿಸ್ ಅಂದ್ರೆ ಮೊದ್ಲೇ ರೋಗನಿರೋಧಕ ಶಕ್ತಿ ಕೆರಳಿರೋದು, ಅದನ್ನ ಇನ್ನೂ ಹುರಿದುಂಬಿಸೋ ಕಷಾಯ ನಮಗೆ ಬೇಕಾಗಿಲ್ಲ. ಅಡಿಗೆಗೆ ಹಾಕೋ ಅರಿಶಿನ ಧಾರಾಳವಾಗಿ ತಿನ್ನಿ, ಅರಿಶಿನದ ಸಾರ ತೆಗೆದ ಮಾತ್ರೆಗಳನ್ನ ಡಾಕ್ಟರ್‌ಗೆ ಹೇಳದೆ ನುಂಗಬೇಡಿ, ಅದರಿಂದಲೂ ಲಿವರ್ ತೊಂದರೆ ಆಗಿದ್ದಿದೆ.

ಹೆಸರಿಲ್ಲದ ಪೊಟ್ಟಣದ ಪುಡಿ, ಒಂದು ವಾರಕ್ಕೇ ಮೈ ಕನ್ನಡಿ ಹಾಗೆ ಮಾಡೋ ಗುಳಿಗೆ ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರೋ ಸಾಧ್ಯತೆ ಇದೆ, ಸೀಸ, ಪಾದರಸ ಕೂಡ ಇರಬಹುದು. ಆಯುರ್ವೇದ ತಗೊಳ್ಳೋದಾದ್ರೆ ಓದಿ ರಿಜಿಸ್ಟರ್ ಆಗಿರೋ ವೈದ್ಯರ ಹತ್ರ ಹೋಗಿ, ಚೀಟಿಯಲ್ಲಿ ಔಷಧಿ ಹೆಸರು ಬರೆಸ್ಕೊಳ್ಳಿ, ಆ ಚೀಟಿನ ಚರ್ಮದ ಡಾಕ್ಟರ್‌ಗೂ ತೋರಿಸಿ.

ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ರೆ ಒಂದು ಮಾತು ಕಡ್ಡಾಯ: ಸೋರಿಯಾಸಿಸ್‌ಗೆ ಅದು ವಾರಕ್ಕೆ ಒಂದೇ ದಿನ. ದಿನಾ ಅಂತ ತಪ್ಪು ತಿಳ್ಕೊಂಡು ನುಂಗಿ ಪ್ರಾಣ ಕಳ್ಕೊಂಡೋರು ಇದಾರೆ. ಮನೆಯಲ್ಲಿ ವಯಸ್ಸಾದವರು ತಗೋತಿದ್ರೆ ಕ್ಯಾಲೆಂಡರ್‌ನಲ್ಲಿ ಆ ಒಂದು ದಿನಕ್ಕೆ ಕೆಂಪು ಪೆನ್ನಿಂದ ಸುತ್ತು ಹಾಕಿಡಿ, ಉಳಿದ ಮಾತ್ರೆ ಬೇರೆ ಡಬ್ಬಿಗೆ. ಅದರ ಜೊತೆ ಕುಡಿತ ಇಲ್ಲ, ರಕ್ತಪರೀಕ್ಷೆ ತಪ್ಪಿಸೋ ಹಾಗಿಲ್ಲ, ಬಸುರಿ ಆಗೋ ಯೋಚನೆ ಇದ್ರೆ ಮೊದ್ಲೇ ಡಾಕ್ಟರ್‌ಗೆ ಹೇಳಬೇಕು. ಬಿಪಿಗೆ ಕೊಡೋ ಬೀಟಾ ಬ್ಲಾಕರ್, ಮನಸ್ಸಿನ ಕಾಯಿಲೆಗೆ ಕೊಡೋ ಲಿಥಿಯಂ, ಮಲೇರಿಯಾ ಮಾತ್ರೆಗಳು ಕೆಲವರಿಗೆ ಸೋರಿಯಾಸಿಸ್ ಕೆರಳಿಸಬಹುದು, ನೀವಾಗೇ ನಿಲ್ಲಿಸಬೇಡಿ, ತಗೋತಿದೀನಿ ಅಂತ ಹೇಳಿ ಅಷ್ಟೇ.

ಏಳನೇದು: ಯಾವಾಗ ಕಾಯಬಾರದು

ಗಂಟಲು ನೋವು, ಜ್ವರ ಬಂದು ಎರಡು ಮೂರು ವಾರಕ್ಕೆ ಮೈ ತುಂಬ ಹನಿ ಹನಿ ಥರ ಮಚ್ಚೆ ಎದ್ರೆ, ಮಕ್ಕಳಲ್ಲಿ, ಹರೆಯದವರಲ್ಲಿ ಹೀಗೆ ಜಾಸ್ತಿ ಆಗತ್ತೆ, ಡಾಕ್ಟರ್‌ಗೆ ಗಂಟಲು ತೋರಿಸಿ. ಬೆಳಿಗ್ಗೆ ಎದ್ದಾಗ ಬೆರಳ ಗೆಣ್ಣು, ಹಿಮ್ಮಡಿ, ಸೊಂಟ ಅರ್ಧ ಗಂಟೆ ಬಿಗಿದ ಹಾಗಿದ್ರೆ, ಬೆರಳು ಪೂರ್ತಿ ಊದಿದ್ರೆ, ಉಗುರಲ್ಲಿ ಸೂಜಿ ಚುಚ್ಚಿದ ಹಾಗೆ ಗುಳಿ ಬಿದ್ದಿದ್ರೆ ತಡ ಮಾಡಬೇಡಿ, ಸೋರಿಯಾಸಿಸ್‌ನ ಸಂಧಿವಾತ ಇರಬಹುದು, ಸುಮ್ನೆ ಬಿಟ್ರೆ ಕೀಲು ಸೊಟ್ಟಗಾಗಿ ಆಮೇಲೆ ಸರಿ ಮಾಡೋಕಾಗಲ್ಲ. ಮೈ ಪೂರ್ತಿ ಕೆಂಪಾಗಿ ಚಳಿ ನಡುಕ ಬಂದ್ರೆ, ಕೀವು ತುಂಬಿದ ಸಣ್ಣ ಗುಳ್ಳೆ ಗುಂಪುಗುಂಪಾಗಿ ಎದ್ರೆ ಅವತ್ತೇ, ರಾತ್ರಿ ಆದ್ರೂ ಸರಿ, ಆಸ್ಪತ್ರೆಗೆ.

ಮಾಮೂಲಿ ಭೇಟಿಗೆ ಹೋಗೋವಾಗ ನೋಟ್‌ಬುಕ್ ತಗೊಂಡೇ ಹೋಗಿ. ಓಪಿಡಿ ಸಾಲಲ್ಲಿ ಎರಡು ಗಂಟೆ ಕಾದ್ರೆ ಒಳಗೆ ಸಿಗೋದು ಐದು ನಿಮಿಷ, ಆ ಗಡಿಬಿಡೀಲಿ ಕೇಳಬೇಕಾದ್ದೇ ಮರೆತುಹೋಗತ್ತೆ. ಕೊನೇ ಪೇಜಲ್ಲಿ ನಾಲ್ಕು ಸಾಲು ಬರ್ಕೊಂಡು ಅದನ್ನೇ ಓದಿ ಹೇಳಿ. ಹೋದ ಸಲ ನಾನು ಬರ್ಕೊಂಡು ಹೋಗಿದ್ದು ಹೀಗಿತ್ತು: ಮೂರು ತಿಂಗಳ ಹಿಂದೆ ಆರು ಅಂಗೈ, ಈಗ ಎರಡು. ತುರಿಕೆ ಹತ್ತಕ್ಕೆ ಮೂರು, ರಾತ್ರಿ ಎಚ್ಚರ ಆಗಲ್ಲ. ಎಡಗೈ ಹೆಬ್ಬೆರಳ ಉಗುರಲ್ಲಿ ಹೊಸದಾಗಿ ನಾಲ್ಕು ಗುಳಿ, ಬೆರಳು ನೋವಿಲ್ಲ. ಮುಲಾಮು ಇನ್ನೂ ಎಷ್ಟು ದಿನ, ನಿಲ್ಲಿಸೋವಾಗ ಹೇಗೆ ಇಳಿಸ್ತಾ ಬರಬೇಕು?